ಅಜ್ಜಿ ಕುಟ್ಟದ ಚಟ್ನಿ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಕಾಗದ ಹಾಸುವ ರೂಢಿ ಇದೆ. ಅಚ್ಚುಕೂಟ ಇಟ್ಟುಕೊಂಡವನ ಮನೆಯಲ್ಲಿ ಕಾಗದಕ್ಕೇನು ಬರ? ಯಾರದೋ ಲಗ್ನಪತ್ರಿಕೆ, ಯಾವುದೋ ಸಂಘದ ಹಸಿರು ರಸೀದಿ, ಓರೆಯಾಗಿ ಅಚ್ಚಾಯಿತೆಂದು ಗಿರಾಕಿ ಬೇಡವೆಂದು ಬಿಟ್ಟುಹೋದ ಕರಪತ್ರ, ಎಲ್ಲವೂ ಕೊನೆಗೆ ಬಂದು ನಮ್ಮ ಬೇಳೆ ಡಬ್ಬಿಯ ಕೆಳಗೆ ವಿಶ್ರಾಂತಿ ಪಡೆಯುತ್ತವೆ. ಮೊನ್ನೆ ನನ್ನ ಹೆಂಡತಿ ಗಿರಿಜಾ ಅವನ್ನೆಲ್ಲ ಎಳೆದು ಹಾಕುವಾಗ ಅಂಗೈಯಗಲದ ಒಂದು ಹಳದಿ ಚೀಟಿ ಜಾರಿ ನನ್ನ ಕಾಲ ಬಳಿ ಬಿತ್ತು. ಎಣ್ಣೆ ಕುಡಿದು ಮೆತ್ತಗಾಗಿತ್ತು. ಅಕ್ಷರ ಮಾತ್ರ ನಿಚ್ಚಳವಾಗಿತ್ತು.

“ಇದನ್ನ ಒಗೀಲೇನ್ರಿ, ಇಲ್ಲಾ ಚೌಕಟ್ಟ ಹಾಕಿಸಿ ಗ್ವಾಡಿಗೆ ತೂಗು ಹಾಕ್ತೀರೋ?” ಎಂದಳು.

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಚುಚ್ಚುವ ಜಾಗ ಚೆನ್ನಾಗಿ ಕಲಿತಿದ್ದಾಳೆ. ನಾನು ಚೀಟಿ ಎತ್ತಿಕೊಂಡು ಓದಿದೆ:

‘ಶಿರಹಟ್ಟಿಯ ಫಕೀರವ್ವಜ್ಜಿ ಕೋಳಿ ಕೂಗುವ ಮೊದಲೇ ಎದ್ದು ಕಲ್ಲೊರಳಿನಲ್ಲಿ ಶೇಂಗಾ ಕುಟ್ಟುತ್ತಾಳೆ. ಅವಳ ಕೈಬಳೆಯ ನಾದವೂ ಈ ಚಟ್ನಿಯೊಳಗಿದೆ.’

ಬರೆದವನು ನಾನೇ, ಅಚ್ಚು ಹಾಕಿದವನೂ ನಾನೇ. ಇದರಲ್ಲಿ ನಿಜವಾದದ್ದು ಮೂರೇ: ಶಿರಹಟ್ಟಿ, ಅಜ್ಜಿಯ ಹೆಸರು ಮತ್ತು ಶೇಂಗಾ.

ನನ್ನ ಅಚ್ಚುಕೂಟ ಇರುವುದು ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ. ಒಂದು ಪಕ್ಕಕ್ಕೆ ಮಗ್ಗದ ಸದ್ದು, ಇನ್ನೊಂದು ಪಕ್ಕಕ್ಕೆ ಮಿರ್ಚಿ ಕರಿಯುವ ಸದ್ದು, ನಡುವೆ ನನ್ನ ಯಂತ್ರದ ಸದ್ದು. ಅಕ್ಷರ ಅಚ್ಚು ಹಾಕುವವನಿಗೆ ಅಕ್ಷರ ಬರೆಯುವುದೂ ಬರುತ್ತದೆಂದು ನಮ್ಮ ಓಣಿಯ ಜನ ನಂಬಿದ್ದಾರೆ. ನಂಬಿಕೆ ಹುಟ್ಟಿಸಿದವನೂ ನಾನೇ ಅನ್ನಿ. ಹಿಂದೊಮ್ಮೆ ಪಕ್ಕದ ಮಿರ್ಚಿ ಅಂಗಡಿಯ ಉದ್ಘಾಟನೆಗೆ ಕರಪತ್ರ ಬರೆದುಕೊಟ್ಟಿದ್ದೆ. ‘ಒಮ್ಮೆ ತಿಂದವರು ಮರಳಿ ಬಾರದಿರರು’ ಎಂಬುದು ನನ್ನ ವಾಕ್ಯ. ಸಾಲು ಒಂದಿಷ್ಟು ಉದ್ದವಾಗಿ ಅಂಚು ದಾಟಿತು. ನಾನು ಅವಸರದಲ್ಲಿ ಕೊನೆಯ ಪದವನ್ನು ಸ್ವಲ್ಪ ಕುಗ್ಗಿಸಿದೆ. ಮರುದಿನ ಊರೆಲ್ಲ ಹಂಚಿದ ಕಾಗದದಲ್ಲಿ ‘ಒಮ್ಮೆ ತಿಂದವರು ಮರಳಿ ಬಾರರು’ ಎಂದಿತ್ತು. ಅಂಗಡಿಯವನು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಅಂಥದ್ದೇನಿದೆ ಅದರಲ್ಲಿ ಎಂದು ನೋಡಲು ಜನ ಮಾತ್ರ ಸಾಲುಗಟ್ಟಿ ಬಂದರು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಬಂದಿದ್ದರೆ ನನ್ನ ತಂಗಿ ಸರೋಜಾ ಬಂದ ದಿನ ಸುಮ್ಮನಿರುತ್ತಿದ್ದೆ.

ಸರೋಜಾಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಅವಳ ಕೈಯ ಶೇಂಗಾ ಚಟ್ನಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಯಾರ ಮನೆಗೆ ಹೋದರೂ ಅವಳ ಚೀಲದಲ್ಲಿ ಒಂದು ಡಬ್ಬಿ ಇರಲೇಬೇಕು. ಇಲ್ಲದಿದ್ದರೆ ಆ ಮನೆಯವರ ಮುಖ ಒಂಚೂರು ಬಾಡುತ್ತದೆ. ಮಕ್ಕಳು ಓದಿ ಒಂದೊಂದು ದಡ ಸೇರಿದ ಮೇಲೆ ಅವಳಿಗೆ ಅದನ್ನೇ ಪಾಕೀಟು ಮಾಡಿ ಮಾರಬೇಕೆಂಬ ಆಸೆ ಬಂತು. ಗದಗಿನಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ದಿನದ ತರಬೇತಿ ನಡೆದಿತ್ತು. ಅದನ್ನು ಮುಗಿಸಿದವಳೇ ಬಸ್ಸಿಗೂ ಹೋಗದೆ ನೇರ ನನ್ನ ಅಚ್ಚುಕೂಟಕ್ಕೆ ಬಂದಳು. ಕೈಯಲ್ಲಿ ಅವರು ಕೊಟ್ಟ ಪೆನ್ನು, ವಹಿ. ಕಣ್ಣಲ್ಲಿ ಬೇರೆಯದೇ ಹೊಳಪು.

“ಅಣ್ಣಾ, ನನಗೊಂದು ಕಥಿ ಬೇಕು.”

“ಎಂಥಾ ಕಥಿ? ಎಷ್ಟುದ್ದದ್ದು?”

ಅವಳು ಖಾಲಿ ಪಾಕೀಟೊಂದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ನಾಲ್ಕು ಬೆರಳು ಅಡ್ಡ ಇಟ್ಟಳು. “ಇಷ್ಟು.”

“ಚಟ್ನಿಗೆ ಕಥಿ ಯಾಕಬೇ?”

“ನಿನಗ ತಿಳಿಯಂಗಿಲ್ಲ. ಇವತ್ತ ಹೇಳಾಕ ಬಂದಾಕಿ ಭಾಳ ಶ್ಯಾಣ್ಯಾಕಿ ಇದ್ಲು. ಮಂದಿ ಸಾಮಾನು ಕೊಳ್ಳಂಗಿಲ್ಲಂತ, ಕಥಿ ಕೊಳ್ತಾರಂತ. ಚಟ್ನಿ ಎಲ್ಲಾರೂ ಮಾಡ್ತಾರ. ನಿಮ್ಮ ಚಟ್ನಿ ಹಿಂದ ಯಾರದಾರ, ಅದನ್ನ ಹೇಳ್ರಿ ಅಂದ್ಲು. ಗಿರಾಕಿ ಮನಸ್ಸು ಮುಟ್ಟಬೇಕಂತ.”

“ನಿನಗ ಚಟ್ನಿ ಕಲಿಸಿದಾವ್ರು ಯಾರು?”

“ಅವ್ವ.”

ನಾನು ಕನ್ನಡಕ ತೆಗೆದು ಒರೆಸಿದೆ. ಯಾರಾದರೂ ನನ್ನನ್ನು ಸಾಹಿತಿ ಎಂದು ಬಗೆದಾಗ ನಾನು ಹೀಗೆ ಮಾಡುತ್ತೇನೆ. “ಅವ್ವ ಅಂದ್ರ ಕಥಿ ಆಗಂಗಿಲ್ಲ ಸರೂ. ಅವ್ವ ಎಲ್ಲಾರ ಮನ್ಯಾಗೂ ಇರ್ತಾಳ. ಅಜ್ಜಿ ಬೇಕು.”

ತಂಗಿ ನನ್ನನ್ನು ಪಿಳಿಪಿಳಿ ನೋಡಿದಳು. “ನಮ್ಮಜ್ಜಿಗೆ ಅಡಗಿ ಬರ್ತಿದ್ದಿಲ್ಲಲ್ಲೋ ಅಣ್ಣಾ!”

“ಅದು ನನಗೂ ನಿನಗೂ ಗೊತ್ತು. ಗಿರಾಕಿಗೆ ಗೊತ್ತೈತೇನು?”

ಈಗ ಅಜ್ಜಿಯ ಬಗ್ಗೆ ಎರಡು ಮಾತು ಹೇಳಬೇಕು. ಫಕೀರವ್ವ ನಮ್ಮ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಯನ್ನು ‘ಅಮ್ಮ’ ಎಂದು ಕರೆಯುವ ಮನೆಗಳುಂಟು, ನಮ್ಮದೂ ಅಂಥದ್ದೇ; ನಿಮಗೆ ಗೊಂದಲ ಬೇಡವೆಂದು ಅಜ್ಜಿ ಅನ್ನುತ್ತಿದ್ದೇನೆ. ಅವಳು ತಟ್ಟಿದ ರೊಟ್ಟಿ ಗುಂಡಗಿರುವುದನ್ನು ಕಂಡವರಿಲ್ಲ. ಅವ್ವ ಒಲೆಯ ಮುಂದೆ ಇಲ್ಲದ ದಿನ ನಾವು ಮೊಮ್ಮಕ್ಕಳು ಅದನ್ನು ಬೆಳಕಿಗೆ ಹಿಡಿದು “ಇದು ಡಂಬಳದ ಕೆರಿ, ಇದು ಕಪ್ಪತಗುಡ್ಡ” ಎಂದು ಆಟ ಆಡುತ್ತಿದ್ದೆವು. ಒಂದು ಬದಿ ಕರಿಕು, ಇನ್ನೊಂದು ಬದಿ ಹಸಿ, ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ ಬೆಂದಿರುತ್ತಿತ್ತು. ಅದನ್ನು ಹುಡುಕುವುದೇ ಊಟ. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುವುದು, ಮರೆತಿರಬಹುದೆಂದು ಮೂರನೆಯ ಸಲ ಹಾಕುವುದು, ಇದೆಲ್ಲ ನಿತ್ಯದ ಮಾತು. ನಮ್ಮವ್ವ ಸೊಸೆಯಾಗಿ ಬಂದ ಮೇಲೆ ಆ ಮನೆಯವರು ನೆಟ್ಟಗೆ ಉಂಡರೆಂದು ಅಪ್ಪ ಹೇಳುತ್ತಿದ್ದ.

ಆದರೆ ಅಜ್ಜಿಯ ಜಾಣತನ ಒಲೆಯ ಮುಂದೆ ಇರಲಿಲ್ಲ, ಸಂತೆಯಲ್ಲಿತ್ತು. ಹೊಲದ ಬದನೆಕಾಯಿ ಬುಟ್ಟಿಯಲ್ಲಿ ತುಂಬಿಕೊಂಡು ಲಕ್ಷ್ಮೇಶ್ವರದ ಸಂತೆಗೆ ಹೋಗುತ್ತಿದ್ದಳು. ಶಾಲೆಗೆ ಸೂಟಿ ಇದ್ದಾಗ ನಾನೂ ಜೊತೆಗೆ. ಪಕ್ಕದವರು “ಬರ್ರಿ, ಬರ್ರಿ, ಎಳೀವು ಅದಾವ” ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಇವಳು ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಯಾರಾದರೂ ಬಂದು ನಿಂತರೆ ಕೇಳುವ ಮೊದಲ ಮಾತು, “ಮನೀಗೆ ಯಾರ್ ಬಂದಾರ?” ಬೀಗರು ಬಂದಿದ್ದಾರೆಂದರೆ ಎಣ್ಣೆಗಾಯಿಗೆ ಒಂದೇ ಅಳತೆಯವನ್ನು ಆರಿಸಿಕೊಡುತ್ತಿದ್ದಳು. ಯಾರೂ ಇಲ್ಲ, ಗಂಡ ಹೆಂಡತಿ ಇಬ್ಬರೇ ಎಂದರೆ, “ಹಂಗಾರ ಇಷ್ಟ್ಯಾಕ ಒಯ್ತಿ? ಅರ್ಧ ಸಾಕು” ಎಂದು ತಿರುಗಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಳು. “ಅದರಾಗ ಹುಳ ಐತಿ, ಬ್ಯಾಡ. ನಾದಿನಿ ಮ್ಯಾಲ ಸಿಟ್ಟಿದ್ರ ಒಯ್ಯಿ” ಅನ್ನುತ್ತಿದ್ದಳು. ಮುಂದಿನ ಸಂತೆಗೆ ಅದೇ ಹೆಂಗಸು ಬಂದರೆ, “ಮಗಳಿಗೆ ಜ್ವರ ಬಿಟ್ಟಾವೇನು?” ಎಂದು ಶುರು. ನನಗೆ ನಾಚಿಕೆಯಾಗುತ್ತಿತ್ತು. ಬದನೆಕಾಯಿ ಮಾರುವುದು ಬಿಟ್ಟು ಇವಳು ಊರ ಉಸಾಬರಿ ಮಾಡುತ್ತಾಳಲ್ಲ ಎಂದು ಸಿಡಿಮಿಡಿಗೊಳ್ಳುತ್ತಿದ್ದೆ. ಎಲ್ಲರಿಗಿಂತ ಮೊದಲು ಬುಟ್ಟಿ ಖಾಲಿಯಾಗುತ್ತಿದ್ದುದು ಅವಳದೇ ಎಂಬುದು ಆಗ ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಇಂಥ ಅಜ್ಜಿಯನ್ನು ನಾನು ಮೇಜಿನ ಮುಂದೆ ಕೂತು ಒರಳಿನ ಮುಂದೆ ಕೂರಿಸಿದೆ. ಬರೆಯುತ್ತ ಹೋದಂತೆ ನನಗೇ ಕಣ್ಣು ತುಂಬಿ ಬಂತು. ಕೋಳಿ ಕೂಗಿಸಿದೆ, ಬಳೆ ಕುಣಿಸಿದೆ. ಮೊದಲು ‘ಕುಟ್ಟುತ್ತಿದ್ದಳು’ ಎಂದೇ ಬರೆದಿದ್ದೆ. ಆದರೆ ಅದು ಸಾಲು ದಾಟಿ, ತೂಕ ಮತ್ತು ತಯಾರಿಸಿದ ದಿನ ಬರೆಯುವ ಜಾಗಕ್ಕೆ ಕಾಲು ಚಾಚಿತು. ಅದನ್ನು ‘ಕುಟ್ಟುತ್ತಾಳೆ’ ಎಂದು ಮೊಟಕುಗೊಳಿಸಿದೆ. ಸಾಲು ಚೊಕ್ಕವಾಗಿ ಕೂತಿತು. ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದ್ದ ಅಜ್ಜಿ ಒಂದು ಅಕ್ಷರ ಕಡಿಮೆಯಾದದ್ದೇ ಎದ್ದು ಕೂತಳು.

ಚಟ್ನಿ ಹೋಯಿತು ನೋಡಿ! ಮೊದಲು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳು. ಆಮೇಲೆ ಫೋನಿನ ಮೇಲೇ ದೂರದೂರದ ಊರುಗಳಿಂದ ಬೇಡಿಕೆ. ಪಾಕೀಟಿನ ಹಿಂದೆ ಸರೋಜಾಳ ನಂಬರಿತ್ತು. ಜನ ವಾಟ್ಸಾಪಿನಲ್ಲಿ ಬರೆಯತೊಡಗಿದರು. ಚಟ್ನಿಯ ಬಗ್ಗೆ ಒಂದು ಮಾತು, ಅಜ್ಜಿಯ ಬಗ್ಗೆ ಹತ್ತು ಮಾತು. ‘ಅಜ್ಜಿಗೆ ನಮ್ಮ ನಮಸ್ಕಾರ ತಿಳಿಸಿರಿ.’ ‘ಈ ವಯಸ್ಸಿನಲ್ಲೂ ಕುಟ್ಟುತ್ತಾರೆಂದರೆ ದೊಡ್ಡ ಮಾತು.’ ‘ಅಜ್ಜಿ ಆರಾಮ ಇದ್ದಾರಾ?’

ಮೊದಲ ಸಲ ಆ ಪ್ರಶ್ನೆ ಬಂದಾಗ ಸರೋಜಾ ನನಗೆ ಫೋನ್ ಮಾಡಿದಳು. “ಏನಂತ ಬರೀಲಿ ಅಣ್ಣಾ?”

“ಆರಾಮ ಅದಾರ ಅಂತ ಬರಿ. ಸತ್ತಾವ್ರು ಆರಾಮನ ಇರ್ತಾರ.”

ಇಬ್ಬರೂ ನಕ್ಕೆವು. ಸುಳ್ಳಿನ ಮೊದಲ ಮೆಟ್ಟಿಲು ಯಾವಾಗಲೂ ನಗುತ್ತಲೇ ಹತ್ತುವಂಥದ್ದು. ಒಂದು ಸಲ ಚಟ್ನಿಗೆ ಉಪ್ಪು ಹೆಚ್ಚಾಗಿ ದೂರು ಬಂತು. ಸರೋಜಾ ಗಾಬರಿಯಲ್ಲಿ, ‘ಅಜ್ಜಿಗೆ ಕಣ್ಣು ಮಂಜಾಗ್ಯಾವ್ರಿ, ಕ್ಷಮಿಸ್ರಿ’ ಎಂದು ಬರೆದುಬಿಟ್ಟಳು. ದೂರು ಕೊಟ್ಟವರು ಕರಗಿ ನೀರಾಗಿ, ತಮ್ಮೂರಿನಲ್ಲಿ ಕಣ್ಣು ತಪಾಸಣೆಯ ಶಿಬಿರವಿದೆ, ಅಜ್ಜಿಯನ್ನು ಕರೆತಂದರೆ ಇಳಿದುಕೊಳ್ಳಲು ನಮ್ಮ ಮನೆಯೇ ಇದೆ ಎಂದು ಉತ್ತರ ಬರೆದರು. ಗಿರಿಜಾ ಇದನ್ನು ಕೇಳಿ, “ಇನ್ನ ಆಕಿಗೆ ಚಷ್ಮಾ ಮಾಡಸೂದೊಂದ ಉಳೀತು” ಎಂದಳು.

ಆಮೇಲೆ ಬಾಗಲಕೋಟೆಯಿಂದ ಒಂದು ಪೊಟ್ಟಣ ಬಂತು. ಕಳಿಸಿದವರು ಸುಮಿತ್ರಾ ಎಂಬ ನಿವೃತ್ತ ಶಾಲಾ ಶಿಕ್ಷಕಿ. ಒಳಗೆ ಕೈಯಿಂದ ಹೆಣೆದ ಕೆಂಪು ಉಣ್ಣೆಯ ಕುಲಾವಿ. ಕಿವಿ ಮುಚ್ಚುವಂತೆ ಎರಡು ಬದಿ ಇಳಿಬಿಟ್ಟು, ಗದ್ದದ ಕೆಳಗೆ ಕಟ್ಟಲು ದಾರ ಬೇರೆ. ಜೊತೆಗೊಂದು ಚೀಟಿ: ‘ಕೋಳಿ ಕೂಗುವ ಮೊದಲು ಏಳುವವರಿಗೆ ತಲೆಗೆ ಗಾಳಿ ಬಡಿಯಬಾರದು.’

ಸರೋಜಾ ಆ ಕುಲಾವಿಯನ್ನು ತೆಗೆದುಕೊಂಡು ಬೆಟಗೇರಿಗೇ ಬಂದಳು. ಈ ಸಲ ನಗಲಿಲ್ಲ. ಮೇಜಿನ ಮೇಲೆ ಅದನ್ನಿಟ್ಟು, “ಇದನ್ನ ಯಾರಿಗೆ ಹಾಕಲಿ?” ಎಂದಳು.

ಅವಳ ಬಳಿ ಇನ್ನೊಂದು ಸುದ್ದಿಯಿತ್ತು. ಹುಬ್ಬಳ್ಳಿಯ ದೊಡ್ಡ ವ್ಯಾಪಾರಿಯೊಬ್ಬರು ತಮ್ಮ ಮೂರೂ ಅಂಗಡಿಗಳಲ್ಲಿ ಅವಳ ಚಟ್ನಿ ಇಡಲು ಒಪ್ಪಿದ್ದರು. ಅವರದು ಒಂದೇ ಶರತ್ತು: ಅಜ್ಜಿ ಕುಟ್ಟುವುದನ್ನು ಒಂದು ನಿಮಿಷ ವಿಡಿಯೋ ಮಾಡಿ ಕಳಿಸಬೇಕು. ಅಂಗಡಿಯ ಟೀವಿಯಲ್ಲಿ ತೋರಿಸುತ್ತಾರಂತೆ.

ಆಗ ನನ್ನ ತಲೆಗೆ ಹೊಳೆದದ್ದು ನೀಲತ್ತೆಯ ಹೆಸರು.

ನೀಲತ್ತೆ ನಮ್ಮ ಅಪ್ಪನ ತಂಗಿ, ಫಕೀರವ್ವನ ಮಗಳು. ಕಪ್ಪತಗುಡ್ಡದ ಬದಿಯ ಡೋಣಿ ಎಂಬ ಊರಿನಲ್ಲಿ ಮಗ ಸೊಸೆಯ ಜೊತೆ ಇರುತ್ತಾಳೆ. ಎಂಬತ್ತರ ಹತ್ತಿರದ ವಯಸ್ಸು, ಬೆಳ್ಳಗಾದ ತಲೆ, ಕೈತುಂಬ ಹಸಿರು ಬಳೆ, ತಾಯಿಯದೇ ಮೂಗು. ತಾಯಿಯ ಬದಲಿಗೆ ಮಗಳು ಕೂತರೆ ಯಾರಿಗೆ ತಿಳಿಯಬೇಕು? ಸರೋಜಾ ಒಲ್ಲೆ ಒಲ್ಲೆ ಎಂದಳು. “ಒಂದ ನಿಮಿಷದ ಮಾತು ಸರೂ” ಎಂದು ನಾನೇ ಹೊರಡಿಸಿದೆ. ದಾರಿಯಲ್ಲಿ ಗದಗಿನ ಪೇಟೆಯಲ್ಲಿ ಒಂದು ಇಳಕಲ್ ಸೀರೆ ಕೊಂಡೆವು. ಅಜ್ಜಿ ಅಂದರೆ ಇಳಕಲ್ ಸೀರೆ ಉಟ್ಟಿರಬೇಕಲ್ಲ. ಬಸ್ಸಿನಲ್ಲಿ ನಾನು ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ನೋಡುತ್ತ, ಎಲ್ಲಿ ಕೂರಿಸಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಬರಹಗಾರನಾಗಿದ್ದವನು ಅಷ್ಟರಲ್ಲಾಗಲೇ ನಿರ್ದೇಶಕನಾಗಿದ್ದೆ.

ನೀಲತ್ತೆ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನಮ್ಮನ್ನು ಕಂಡದ್ದೇ, “ಇಬ್ರೂ ಕೂಡೇ ಬಂದೀರಿ? ಯಾರರ ಹೋದ್ರೇನು?” ಎಂದಳು.

“ಯಾರೂ ಹೋಗಿಲ್ಲತ್ತಿ, ಸುಮ್ನ ನಿನ್ನ ನೋಡಾಕ ಬಂದ್ವಿ.”

“ಸುಮ್ನ ಬರೂ ಮಂದಿ ಸೀರಿ ತರಂಗಿಲ್ಲ. ಕುಂಡ್ರಿ, ಹೇಳ್ರಿ.”

ಹೇಳಿದೆವು. ಅವಳಿಗೆ ವಿಡಿಯೋ ಎಂದರೆ ಗೊತ್ತಿತ್ತು. ಪಾಕೀಟಿನ ಮೇಲೆ ಏನು ಬರೆದಿದೆ ಎಂಬುದು ಗೊತ್ತಿರಲಿಲ್ಲ. “ಓದಿ ಹೇಳು” ಎಂದಳು. ನಾನು ಗಂಟಲು ಸರಿಮಾಡಿಕೊಂಡು, ಬಳೆಯ ನಾದದ ಹತ್ತಿರ ದನಿ ಸ್ವಲ್ಪ ಮೆತ್ತಗೆ ಮಾಡಿ ಓದಿದೆ.

ನೀಲತ್ತೆ ಮೊದಲು ನಕ್ಕಳು. ಮೈಯೆಲ್ಲ ಕುಲುಕಿ, ಮಡಿಲಿನ ಬಳ್ಳೊಳ್ಳಿ ಚೆಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ನಮ್ಮವ್ವ! ನಮ್ಮವ್ವ ಒನಕಿ ಹಿಡದಿದ್ಳಾ! ಆಕಿ ಒನಕಿ ಹಿಡದ್ರ ಓಣ್ಯಾಗಿನ ಹುಡುಗರೆಲ್ಲಾ ದೂರ ಸರದ ನಿಂದರ್ತಿದ್ವು. ಎಲ್ಲಿ ಬಡೀತೈತೋ ಆಕಿಗೇ ಗೊತ್ತಿರ್ತಿದ್ದಿಲ್ಲ.”

ನಾವೂ ನಕ್ಕೆವು. ಆಮೇಲೆ ಅವಳು ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, ಚೆಲ್ಲಿದ ಬಳ್ಳೊಳ್ಳಿಯನ್ನು ಒಂದೊಂದಾಗಿ ಆರಿಸತೊಡಗಿದಳು.

“ಈ ಚಟ್ನಿ ಕುಟ್ಟಿದಾಂವ ನಮ್ಮಪ್ಪ” ಎಂದಳು.

ನಮ್ಮಿಬ್ಬರಿಗೂ ಅದು ಗೊತ್ತಿರಲಿಲ್ಲ. ನಮ್ಮ ಅಜ್ಜ, ನಾವು ಮುತ್ಯಾ ಅನ್ನುವ ಯಲ್ಲಪ್ಪನನ್ನು ಸರೋಜಾ ನೋಡಿಯೇ ಇರಲಿಲ್ಲ. ನನಗೆ ನೆನಪಿದ್ದದ್ದು ಅವನ ದೊಡ್ಡ ರುಮಾಲು ಮತ್ತು ಮೌನ.

“ಅವ್ವನ ರೊಟ್ಟಿ ನಿಮಗ್ಗೊತ್ತೈತಿ. ಬರೇ ಅದನ್ನ ಉಣ್ಣಾಕಾಗ್ತಿದ್ದಿಲ್ಲ. ಅಪ್ಪ ಒಂದ ದಿನಾನೂ ಆಕಿಗೆ ರೊಟ್ಟಿ ಹಿಂಗ್ಯಾಕ ಅನ್ನಲಿಲ್ಲ. ಹೊಲದಿಂದ ಬಂದು, ಕಾಲ ತೊಳಕೊಂಡು, ಶೇಂಗಾ ಹುರದು, ಒಳಗಿಂದ ಚಿಲಕ ಹಾಕ್ಕೊಂಡು ತಾನ ಕುಟ್ತಿದ್ದ. ಗಂಡಸು ಒಳ್ಳಿನ ಮುಂದ ಕುಂತಾನ ಅಂದ್ರ ಓಣ್ಯಾಗ ನಗೂ ಕಾಲ ಅದು. ನನ್ನ ಹೊರಗ ಕಟ್ಟಿ ಮ್ಯಾಲ ಕುಂಡ್ರಸ್ತಿದ್ದ. ಯಾರರ ಬಂದ್ರ ನಾ ಜೋರ್ ಕೆಮ್ಮಬೇಕು. ಎಷ್ಟ ಕೆಮ್ಮೀನಿ ಅಂದ್ರ, ಆಜೂಬಾಜೂದಾವ್ರು ನನಗ ದಮ್ಮ ಐತಿ ಅಂತಿದ್ರು.”

ಸರೋಜಾ ಅತ್ತೆಯ ಮೊಣಕಾಲಿಗೆ ಇನ್ನಷ್ಟು ಸರಿದು ಕೂತಳು. “ಮತ್ತ ಅವ್ವಗ ಹೆಂಗ ಬಂತತ್ತಿ?”

“ನಿಮ್ಮವ್ವ ಸೊಸಿ ಆಗಿ ಬಂದ್ಲಲ್ಲ, ಆಕೀಗೆ ಅಪ್ಪನ ಹೇಳಿಕೊಟ್ಟ. ಮಂದಿ ಬಂದು ಚಟ್ನಿ ಭಾಳ ಚಲೋ ಆಗೇತಿ ಅಂದ್ರ, ‘ನಮ್ಮಾಕಿ ಮಾಡ್ಯಾಳ’ ಅಂತಿದ್ದ. ಅವ್ವ ಒಂದ ಸಲ ‘ನಾ ಮಾಡಿಲ್ಲ’ ಅನ್ನಾಕ ಹೋದ್ಲು. ಅಪ್ಪ ಆಕಿ ಕಡೆ ಬರೇ ನೋಡಿದ. ಆಕಿ ಸುಮ್ನಾದ್ಲು. ಸಾಯೂತನಕಾ ಅಪ್ಪ ಹಂಗ ಹೇಳಿದ.”

ನನಗೆ ಸಮಾಧಾನವಾಯಿತು. “ನೋಡತ್ತಿ, ಹಂಗಾರ ನಾನೂ ಮುತ್ಯಾ ಹೇಳಿದ್ದನ್ನ ಬರದೀನಿ” ಎಂದು ನಗಲು ಹೋದೆ.

ನೀಲತ್ತೆ ತಲೆ ಎತ್ತಿ ನನ್ನನ್ನು ನೋಡಿದಳು. “ಅಪ್ಪ ಸುಳ್ಳ ಹೇಳಿದ್ದು ಹೆಂಡತಿ ಮರ್ಯಾದಿ ಕಾಯಾಕ. ನೀ ಬರದಿದ್ದು ಯಾತಕ್ಕ?”

ಕಟ್ಟೆಯ ಕೆಳಗೆ ಒಂದು ಕೋಳಿ ಬಂದು ಬಳ್ಳೊಳ್ಳಿ ಸಿಪ್ಪೆ ಕೆದರುತ್ತಿತ್ತು. ಅದನ್ನೇ ನೋಡುತ್ತ ಕೂತೆ.

ಸರೋಜಾ ಅಳುತ್ತಿದ್ದಳು. ಅಳು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ಫೋನು ತೆಗೆದಳು. ನಾನು ವಿಡಿಯೋಕ್ಕೆಂದು ತಿಳಿದೆ. ಅವಳು ಬಾಗಲಕೋಟೆಯ ಸುಮಿತ್ರಾ ಟೀಚರಿಗೆ ಫೋನ್ ಹಚ್ಚಿದ್ದಳು.

“ನಮಸ್ಕಾರ್ರಿ ಟೀಚರ್, ನಾನು ಚಟ್ನಿ ಸರೋಜಾ. ಕುಲಾವಿ ಮುಟ್ಟೈತ್ರಿ… ಇಲ್ರಿ, ಅಜ್ಜಿಗೆ ಕೊಟ್ಟಿಲ್ಲ. ಅಜ್ಜಿ ಇಲ್ರಿ. ಇಲ್ಲ, ಊರಿಗೆ ಹೋಗಿಲ್ರಿ. ತೀರಿಕೊಂಡು ಭಾಳ ವರ್ಷ ಆತ್ರಿ. ಪಾಕೀಟ ಮ್ಯಾಲ ಬರದದ್ದು ಸುಳ್ಳು. ಆಕಿಗೆ ಅಡಗೀನೂ ಬರ್ತಿದ್ದಿಲ್ಲ.”

ಸರೋಜಾ ಫೋನನ್ನು ಕಿವಿಯಿಂದ ತೆಗೆದು, ಕಡಿದುಹೋಯಿತೇನೋ ಎಂದು ನೋಡಿದಳು. ಆಮೇಲೆ ಆ ಕಡೆಯ ದನಿ ನನಗೂ ಸಣ್ಣಗೆ ಕೇಳಿಸಿತು.

“ನಾ ದಿನಾ ಮುಂಜಾನಿ ಎದ್ದಾಗ ಆಕಿನ್ನ ನೆನಸ್ತಿದ್ದೆ. ಅಲ್ಲೊಬ್ಬಾಕಿ ನನಗಿಂತ ಮೊದಲ ಎದ್ದಾಳ, ನಾ ಯಾಕ ಮಲಗಿರಬೇಕು ಅಂತ ಏಳ್ತಿದ್ದೆ. ಈಗ ಆಕಿ ಇಲ್ಲ ಅಂದ್ರ… ಒಂದು ಸಾವಿನ ಸುದ್ದಿ ಕೇಳಿದಂಗಾತು ನೋಡ್ರಿ.”

“ತಪ್ಪಾತ್ರಿ ಟೀಚರ್.”

“ನಿಮ್ಮ ಚಟ್ನಿ ಚಲೋ ಐತಿ. ಅಷ್ಟ ಚಲೋ ಚಟ್ನಿಗೆ ಸುಳ್ಳ ಯಾಕ ಬೇಕಿತ್ತು?”

“ಕುಲಾವಿ ತಿರುಗಿ ಕಳಸ್ತೀನ್ರಿ.”

“ಬ್ಯಾಡ. ಅಲ್ಲೇ ಚಳಿ ಆಗೂ ತಲಿ ಯಾವುದರ ಇದ್ರ ಅದಕ್ಕ ಹಾಕ್ರಿ.”

ಫೋನು ಇಟ್ಟರು. ನೀಲತ್ತೆ ಎಲ್ಲ ಕೇಳಿಸಿಕೊಂಡು ಕೂತಿದ್ದಳು. ಸರೋಜಾ ಕುಲಾವಿಯನ್ನು ಚೀಲದಿಂದ ತೆಗೆದು ಅವಳ ತಲೆಗೆ ಹಾಕಿ, ಗದ್ದದ ಕೆಳಗೆ ದಾರ ಕಟ್ಟಿದಳು. ಆ ಬಿಸಿಲಿನಲ್ಲಿ ಅತ್ತೆ ಅದನ್ನು ತೆಗೆಯಲಿಲ್ಲ. “ಗುಡ್ಡದ ಗಾಳಿ ಭಾಳ ಕೆಟ್ಟದ್ದೈತಿಲ್ಲಿ” ಎಂದಳು. ಸೀರೆಯನ್ನು ನಾನು ಹಿಂಜರಿಯುತ್ತ ಚೀಲಕ್ಕೆ ಸೇರಿಸಲು ಹೋದಾಗ, “ನಾ ನಮ್ಮವ್ವ ಆಗೂದಿಲ್ಲ, ಆದ್ರ ತಂದದ್ದು ತಂದೀರಿ, ಇಟ್ಟು ಹೋಗ್ರಿ” ಎಂದು ಕೈಯಿಂದ ತೆಗೆದುಕೊಂಡಳು.

ಹುಬ್ಬಳ್ಳಿಯ ವ್ಯಾಪಾರಿಗೆ ಸರೋಜಾ ಮರುದಿನ ಎಲ್ಲ ಬಿಡಿಸಿ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ, ಸಮಾಧಾನದಿಂದಲೇ ಕೇಳಿದರಂತೆ. ಕೊನೆಗೆ, “ಮುತ್ಯಾ ನಡಿಯಂಗಿಲ್ರಿ ಅಕ್ಕಾರ. ಅಂಗಡ್ಯಾಗ ಮಂದಿ ಅಜ್ಜೀನ್ನ ಕೇಳ್ತಾರ. ಇನ್ನೊಂದ್ ಅಜ್ಜಿ ಸಿಕ್ರ ತಿಳಸ್ರಿ” ಎಂದು ಫೋನಿಟ್ಟರಂತೆ. ಮೂರು ಅಂಗಡಿಗಳು ಹಾಗೆ ಹೋದವು. ನನ್ನ ಮುಂದೆ ಅದನ್ನು ಹೇಳುವಾಗ ಸರೋಜಾಳ ಮುಖ ಸಣ್ಣದಾಗಿತ್ತು. ಎಷ್ಟೆಂದರೂ ಅವಳು ಆಸೆಪಟ್ಟ ಅಂಗಡಿಗಳು ಅವು. ಆದರೆ ಹಳೆಯ ಚೀಟಿಗಳ ಕಟ್ಟನ್ನು ಅವಳೇ ಎತ್ತಿ ರದ್ದಿಯ ಮೂಲೆಗೆ ಹಾಕಿದಳು.

ಹೊಸ ಚೀಟಿ ಬರೆಯುವಾಗ ನನ್ನನ್ನು ಬರಿಯ ಕೈಯಾಗಿ ಬಳಸಿದಳು, ತಲೆಯಾಗಿ ಅಲ್ಲ. ಅವಳು ಹೇಳುವುದು, ನಾನು ಟೈಪು ಮಾಡುವುದು. ಒಂದು ಕಡೆ ‘ಮೌನಪ್ರೇಮದ’ ಎಂದು ಸೇರಿಸಲು ಹೋದೆ. “ತಗಿ ಅದನ್ನ” ಎಂದಳು. ತೆಗೆದೆ. ಅಕ್ಷರ ಸಣ್ಣದು ಮಾಡಿ, ತೂಕವನ್ನೂ ದಿನವನ್ನೂ ಪಾಕೀಟಿನ ಹಿಂದಕ್ಕೆ ಸಾಗಿಸಿ ಜಾಗ ಮಾಡಿಕೊಟ್ಟೆ.

‘ನಮ್ಮ ಅಜ್ಜಿ ಫಕೀರವ್ವಗೆ ರೊಟ್ಟಿ ಮಾಡಲು ಬರುತ್ತಿರಲಿಲ್ಲ. ಆ ರೊಟ್ಟಿ ಉಣ್ಣಲೆಂದು ನಮ್ಮ ಅಜ್ಜ ಯಲ್ಲಪ್ಪ ಈ ಚಟ್ನಿ ಕುಟ್ಟುತ್ತಿದ್ದರು. ಅವಳೇ ಮಾಡಿದ್ದೆಂದು ಕೊನೆಯವರೆಗೂ ಎಲ್ಲರಿಗೂ ಹೇಳಿದರು. ಇಬ್ಬರೂ ಈಗ ಇಲ್ಲ. ಈಗ ಇದನ್ನು ಮಾಡುವವಳು ಮೊಮ್ಮಗಳು ಸರೋಜಾ, ಮಿಕ್ಸರಿನಲ್ಲಿ.’

“ಮಿಕ್ಸರ್ ಯಾಕ ಬರೀತಿ ಸರೂ? ಅಷ್ಟು ಬಿಟ್ರ ಚಂದಾಗ್ತೈತಿ.”

“ಮಿಕ್ಸರ್‌ದಾಗ ಮಾಡ್ತೀನಿ, ಮಿಕ್ಸರ್ ಬರೀತೀನಿ.”

ಶುರುವಿಗೆ ವ್ಯಾಪಾರ ಇಳಿಯಿತು. ಮೋಸ ಮಾಡಿದಿರಿ ಎಂದು ಕೆಲವರು ಬೈದು ಬರೆದರು. ಸರೋಜಾ ಒಬ್ಬೊಬ್ಬರಿಗೂ ಹೌದು ಎಂದೇ ಉತ್ತರಿಸಿದಳು. ಶಿರಹಟ್ಟಿಯ ನಮ್ಮ ದೊಡ್ಡಪ್ಪನ ಮಗ, ಅಜ್ಜಿಯ ಮಾನ ತೆಗೆದಿರೆಂದು ಸಿಟ್ಟಾದ. ಆದರೆ ನಿಧಾನವಾಗಿ ಬೇರೊಂದು ಬಗೆಯ ಮಾತು ಬರತೊಡಗಿತು. ಈಗ ಯಾರೂ ಅಜ್ಜಿ ಆರಾಮವೇ ಎಂದು ಕೇಳುವುದಿಲ್ಲ. ತಮ್ಮ ಮನೆಯ ಸಂಗತಿ ಬರೆಯುತ್ತಾರೆ. ‘ನಮ್ಮ ಅತ್ತೆಯ ಸಾರೂ ಹಾಗೇ ಇತ್ತು.’ ‘ನಮ್ಮಪ್ಪ ಹೋಳಿಗೆ ಮಾಡುತ್ತಿದ್ದ, ಯಾರಿಗೂ ಹೇಳಬೇಡ ಅನ್ನುತ್ತಿದ್ದ.’ ಸರೋಜಾ ಕೂತು ಎಲ್ಲವನ್ನೂ ಓದುತ್ತಾಳೆ, ತಿರುಗಿ ಒಂದೊಂದು ಪ್ರಶ್ನೆ ಕೇಳುತ್ತಾಳೆ. ನನಗೆ ಫೋನ್ ಮಾಡಿ ಚಟ್ನಿಯ ಸುದ್ದಿ ಬಿಟ್ಟು ಯಾವುದೋ ಊರಿನ ಯಾವುದೋ ಹೆಣ್ಣುಮಗಳ ಹೆರಿಗೆಯ ಸುದ್ದಿ ಹೇಳುತ್ತಾಳೆ. ಹಲವು ತಿಂಗಳು ಸುಮ್ಮನಿದ್ದ ಸುಮಿತ್ರಾ ಟೀಚರ್ ಒಂದು ದಿನ, ಬೇರೆ ಒಂದು ಮಾತೂ ಬರೆಯದೆ, ಎರಡು ಪಾಕೀಟು ಕಳಿಸಿರೆಂದು ಸಂದೇಶ ಹಾಕಿದರು.

ಹೋದ ವಾರ ಹರ್ತಿ ಎಂಬ ಹಳ್ಳಿಯಿಂದ ಒಬ್ಬರು ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದಿದ್ದರು. ಐವತ್ತೈದರ ಆಸುಪಾಸಿನ ರೈತ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಕಡಿಮೆ. ನಾನು ಹೆಸರುಗಳನ್ನು ಟೈಪು ಮಾಡುತ್ತಿದ್ದಾಗ ಅವರು ಮೇಜಿನ ಮೇಲಿದ್ದ ಚಟ್ನಿ ಪಾಕೀಟನ್ನು ಕೈಗೆತ್ತಿಕೊಂಡರು. ಓದಿದರು. ಇಟ್ಟರು. ಮತ್ತೆ ಎತ್ತಿಕೊಂಡು ಓದಿದರು.

“ಇದು ಖರೇನ್ರಿ?” ಎಂದರು.

“ಈ ಸಲ ಖರೆ ಐತ್ರಿ” ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿ ಕುರ್ಚಿಯನ್ನು ಮುಂದೆ ಎಳೆದುಕೊಂಡರು. “ನಮ್ಮಾಕಿಗೆ ಕೈ ಸಂದು ನೋವ್ರಿ. ಒಂಬತ್ತ ವರ್ಷ ಆತು, ರೊಟ್ಟಿ ಬಡಿಯಾಕ ಆಗಂಗಿಲ್ಲ. ನಾನ ಬಡೀತೀನಿ. ಮೊನ್ನೆ ಬೀಗರು ಹೆಣ್ಣ ನೋಡಾಕ ಬಂದಿದ್ರು. ಉಂಡು, ‘ತಾಯಿ ರೊಟ್ಟಿ ಹಿಂಗದಾವಂದ್ರ ಮಗಳ ರೊಟ್ಟಿನೂ ಹಿಂಗ ಇರ್ತಾವ’ ಅಂತ ಅಲ್ಲೇ ಒಪ್ಪಿಗಿ ಕೊಟ್ರು. ನಮ್ಮಾಕಿ ನನ್ನ ಮುಖ ನೋಡಿದ್ಲು. ನಾ ಗ್ವಾಡಿ ನೋಡಿಕೋತ ನಿಂತೆ.”

ನಾನು ನಕ್ಕೆ. ಅವರೂ ನಕ್ಕರು, ಆಮೇಲೆ ಗಂಭೀರವಾಗಿ, “ಯಾರ ಮುಂದೂ ಹೇಳಬ್ಯಾಡ್ರಿ ಮತ್ತ” ಎಂದರು. ಹೇಳುವುದಿಲ್ಲ ಎಂದೆ. ಪತ್ರಿಕೆಯ ಕರಡು ನೋಡಿ, ಒಂದು ಹೆಸರಿನ ದೀರ್ಘ ತಿದ್ದಿಸಿ, ಒಂದು ಪಾಕೀಟು ಕೊಂಡು, ಮೆಟ್ಟಿಲಿಳಿದು ಹೋದರು.

ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಹೊಸ್ತಿಲಲ್ಲಿ ನಿಂತರು. ಏನೋ ಮರೆತಿರಬೇಕೆಂದು ನಾನು ಮೇಜಿನ ಮೇಲೆ ಕಣ್ಣಾಡಿಸಿದೆ.

“ನೀವು ಬರಿಯಾವ್ರು. ಎಲ್ಲ್ಯರ ಒಂದ ಕಡೆ ಬರದ ಬರೀತೀರಿ, ನನಗ್ಗೊತ್ತು” ಎಂದರು. “ಬರೀರಿ. ಹೆಸರ ಮಾತ್ರ ಹಾಕಬ್ಯಾಡ್ರಿ. ಹರ್ತಿಯಂವ ಅಂತ ಹಾಕ್ರಿ, ಸಾಕು. ಹರ್ತ್ಯಾಗ ನಾವು ಭಾಳ ಮಂದಿ ಅದೀವಿ.”